ಬಿಡುವಿನ ಮಾತು: ಚಿಕ್ಕಪ್ಪನ ಕಾರು

“ಕಾರು ಎಲ್ಲಿಗೆ ಬಂತು?” ಎಂದು ಸಂಘದ ಮೆಟ್ಟಿಲು ಹತ್ತುವಾಗಲೆಲ್ಲ ನಮ್ಮನ್ನು ಕೇಳುವವರು ಈಗ ಹೆಚ್ಚಾಗಿದ್ದಾರೆ. ಆ ದನಿಯಲ್ಲಿ ಮರುಕವೆಷ್ಟು, ತಮಾಷೆಯೆಷ್ಟು ಎಂದು ನಾವು ತೂಗಿ ನೋಡಲು ಹೋಗಿಲ್ಲ. ಕಳೆದ ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ಹಿರಿಯ ಸದಸ್ಯರೊಬ್ಬರು, “ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಿದ್ದರು. ನೀವು ಮೂರನೆಯದೊಂದನ್ನು ಸೇರಿಸಿಬಿಟ್ಟಿರಿ” ಎಂದರು. ಪಂಕ್ತಿಯವರೆಲ್ಲ ನಕ್ಕರು, ನಾವೂ ನಕ್ಕೆವು. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಉತ್ತರ ಹೇಳುವುದಕ್ಕಿಂತ ಈ ಸಲದ ಪುಟವನ್ನು ಅದಕ್ಕೇ ಮೀಸಲಿಡುವುದು ಲೇಸೆಂದು ತೋರಿತು.

ಕಾರು ನಮ್ಮದೆನ್ನುವುದು ಈಗಿನ ಮಾತು. ಮೂಲದಲ್ಲಿ ಅದು ನಮ್ಮ ಚಿಕ್ಕಪ್ಪನವರದು. ಅವರು 1956ರಲ್ಲಿ ಶಿವಮೊಗ್ಗದ ಕಡೆಯಿಂದ ಮದರಾಸಿಗೆ ಬಂದು ನಕ್ಷೆ ಬರೆಯುವ ಕೆಲಸಕ್ಕೆ ಸೇರಿದವರು. ವಿಲ್ಲಿವಾಕ್ಕಂನಲ್ಲಿ ಹಿತ್ತಿಲಿರುವ ಒಂದು ಮನೆ, ಅಳತೆಯ ಸಂಬಳ, ಮಿತವಾದ ಮಾತು. 1969ರಲ್ಲಿ ಅವರು ಐದು ವರ್ಷ ಓಡಿದ್ದ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರನ್ನು ಕೊಂಡರು. ಕೊಂಡ ಮೂರನೆಯ ತಿಂಗಳಲ್ಲಿ ಅದರ ಮಾಡನ್ನು ಬಿಚ್ಚಿ ಪಕ್ಕಕ್ಕಿಟ್ಟರು.

ಹೆರಾಲ್ಡನ್ನು ಕಂಡಿರದ ಎಳೆಯ ಓದುಗರಿಗಾಗಿ ಎರಡು ಮಾತು. 1959ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಈ ಕಾರಿಗೆ ರೂಪ ಕೊಟ್ಟವರು ಇಟಲಿಯ ಮಿಕೆಲೊಟ್ಟಿ. 1961ರಿಂದ ಅದು ಮದರಾಸಿನಲ್ಲೇ ತಯಾರಾಗತೊಡಗಿತು. ಎಂಜಿನ್ ಪುಟ್ಟದು, 948 ಸಿ.ಸಿ.; ಆದರೆ ಇಪ್ಪತ್ತೈದು ಅಡಿಯ ವೃತ್ತದೊಳಗೆ ಗಿರ್ರನೆ ತಿರುಗಬಲ್ಲದು. ಇತರ ಕಾರುಗಳು ಚಾಸಿಸನ್ನು ಬಿಟ್ಟು ಮೈಯನ್ನೇ ಬಿಗಿಯಾಗಿ ಕಟ್ಟುವ ಹೊಸ ಕ್ರಮಕ್ಕೆ ಹೋಗುತ್ತಿದ್ದಾಗ ಹೆರಾಲ್ಡು ಹಳೆಯ ಕ್ರಮಕ್ಕೇ ಮರಳಿತು: ಕೆಳಗೆ ಚಾಸಿಸ್, ಮೇಲೆ ತುಂಡುತುಂಡಾಗಿ ಬೋಲ್ಟಿನಿಂದ ಜೋಡಿಸಿದ ಮೈ. ಕಾರಣ ವ್ಯಾಪಾರದ್ದು. ಮೊದಲು ಮೈ ತಯಾರಿಸಿ ಕೊಡುತ್ತಿದ್ದ ಕಂಪನಿ ಪ್ರತಿಸ್ಪರ್ಧಿಗಳ ವಶವಾದದ್ದರಿಂದ, ಹಲವು ಕಡೆ ಸಣ್ಣಸಣ್ಣ ಭಾಗಗಳನ್ನು ಮಾಡಿಸಿ ತಂದು ಸೇರಿಸುವಂತೆ ಕಾರನ್ನು ರೂಪಿಸಬೇಕಾಯಿತು. ಎಲ್ಲಿಯದೋ ಆ ವ್ಯಾಪಾರದ ಜಗಳವೇ ಕೊನೆಗೆ ನಮ್ಮ ಚಿಕ್ಕಪ್ಪನವರ ಕೈಗೆ ಸ್ಪ್ಯಾನರು ಕೊಟ್ಟಿತೆನ್ನಬೇಕು. ಬೋಲ್ಟು ಕಂಡಲ್ಲಿ ಬಿಚ್ಚದಿರುವ ಜಾಯಮಾನ ಅವರದಲ್ಲ.

ಮದರಾಸಿನ ಉತ್ತರಕ್ಕೆ ಶೋಳವರಂ ಎಂಬಲ್ಲಿ ಎರಡನೆಯ ಮಹಾಯುದ್ಧದ ಕಾಲದ ವಿಮಾನದಾರಿಯೊಂದಿತ್ತು. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಅಲ್ಲಿ ಕಾರಿನ ಪಂದ್ಯಗಳನ್ನು ನಡೆಸುತ್ತಿದ್ದರು. ಪರದೇಶದ ಸ್ಪೋರ್ಟ್ಸ್ ಕಾರು ಸಂಬಳದವರ ಕೈಗೆ ಎಟುಕದ ಕಾಲವದು. ಆದ್ದರಿಂದ ಉತ್ಸಾಹಿಗಳು ಇರುವ ಫಿಯಟ್ಟನ್ನೋ ಹೆರಾಲ್ಡನ್ನೋ ಕೊರೆದು, ಕೆತ್ತಿ, ಹಗುರ ಮಾಡಿ ಪಂದ್ಯಕ್ಕೆ ಇಳಿಸುತ್ತಿದ್ದರು. ಚಿಕ್ಕಪ್ಪನವರ ಕಾರೂ ಮಾಡು ಕಳೆದುಕೊಂಡು, ಹಿಂದಿನ ಸೀಟು ಕಳೆದುಕೊಂಡು, ಒಂದು ಕಾರ್ಬ್ಯುರೇಟರಿನ ಬದಲು ಎರಡು ಪಡೆದು, ಇಬ್ಬರು ಕೂರುವ ಸ್ಪೋರ್ಟ್ಸ್ ಕಾರಾಯಿತು. ನಾಲ್ಕು ವರ್ಷ ಓಡಿಸಿದರು. ಗೆದ್ದದ್ದು ನಮಗೆ ನೆನಪಿಲ್ಲ. ಮೈಯೆಲ್ಲ ಧೂಳಾಗಿ ನಗುತ್ತ ಮನೆಗೆ ಬಂದದ್ದು ನೆನಪಿದೆ. 1974ರಲ್ಲಿ ಏಕೋ ಪಂದ್ಯ ಬಿಟ್ಟರು. 1983ರಿಂದ ಕಾರು ಹಿತ್ತಿಲ ಕೊಟ್ಟಿಗೆಯಲ್ಲಿ ನಿಂತಿತು. 2016ರಲ್ಲಿ ಚಿಕ್ಕಪ್ಪ ತೀರಿಕೊಂಡರು. 2021ರಲ್ಲಿ ಚಿಕ್ಕಮ್ಮ ನಮ್ಮನ್ನು ಕರೆದು, “ಇದನ್ನು ಗುಜರಿಯವನಿಗೆ ಕೊಡಲು ನನ್ನ ಕೈಲಾಗದು ಕಣೋ. ನೀನೇ ಏನಾದರೂ ಮಾಡು” ಎಂದರು. ನಿವೃತ್ತರಾಗಿ ಮನೆಯಲ್ಲಿದ್ದ ನಾವು ಹಿಂದೆಮುಂದೆ ನೋಡದೆ ಒಪ್ಪಿದೆವು. ಆರು ತಿಂಗಳ ಕೆಲಸವೆಂದು ಲೆಕ್ಕ ಹಾಕಿದ್ದೆವು. ನಾಲ್ಕು ವರ್ಷವಾಯಿತು.

ಕಳಚುವುದು ಎಷ್ಟು ಸುಲಭವೆಂದು ಕಳಚುವಾಗ ಮಾತ್ರ ಅನ್ನಿಸುತ್ತದೆ. ಎರಡು ಭಾನುವಾರಗಳಲ್ಲಿ ನಾವೂ ನಮ್ಮ ಮಗನೂ ಇಡೀ ಕಾರನ್ನು ಬಿಡಿಬಿಡಿ ಮಾಡಿ ಹಾಸಿದೆವು. ಬೋಲ್ಟುಗಳನ್ನೆಲ್ಲ ಒಂದೇ ಬಕೆಟ್ಟಿಗೆ ಸುರಿದೆವು. ಮೊದಲನೆಯ ಮೂರ್ಖತನ ಅದು. ಹೆರಾಲ್ಡಿನ ಬೋಲ್ಟು ಅಂಗುಲದ ಅಳತೆಯದು. ನಡುವೆ ಯಾರೋ ಹಾಕಿದ ಹಲವು ಬೋಲ್ಟುಗಳು ಮಿಲಿಮೀಟರಿನವು. ಕಣ್ಣಿಗೆ ಎರಡೂ ಒಂದೇ. ಎರಡು ಸುತ್ತು ಸಲೀಸಾಗಿ ತಿರುಗಿ, ಮೂರನೆಯ ಸುತ್ತಿಗೆ ಹಟ ಹಿಡಿದು, ಬಲ ಹಾಕಿದರೆ ಎಳೆಯನ್ನೆಲ್ಲ ತಿಂದುಹಾಕುತ್ತವೆ. ಹೀಗೆ ಕೆಡಿಸಿದ ತೂತುಗಳನ್ನು ಸರಿಪಡಿಸಲು ಅಂಬತ್ತೂರಿನ ಲೇತ್ ಅಂಗಡಿಗೆ ನಾವು ಹೋದ ಸಲಗಳನ್ನು ಎಣಿಸುವುದು ಬಿಟ್ಟಿದ್ದೇವೆ. ಪುದುಪೇಟೆಯ ಹಳೆಯ ಬಿಡಿಭಾಗದ ಅಂಗಡಿಗಳವರಂತೂ ನಮ್ಮನ್ನು ಕಂಡೊಡನೆ ಚಹಾ ಹೇಳುವಷ್ಟು ಹತ್ತಿರವಾದರು.

ಎರಡನೆಯದು ವಿದ್ಯುತ್ತಿನ ಕಥೆ. ಚಿಕ್ಕಪ್ಪನವರು ಕಾರಿನ ತಂತಿಗಳನ್ನೆಲ್ಲ ಒಂದೇ ಕೆಂಪು ಬಣ್ಣದವನ್ನು ಹಾಕಿ ಬದಲಿಸಿದ್ದರು. ಯಾವುದು ದೀಪದ್ದು, ಯಾವುದು ಹಾರನ್ನಿನದು ದೇವರೇ ಬಲ್ಲ. ಜೊತೆಗೆ, ಆ ಕಾಲದ ಇಂಗ್ಲಿಷ್ ಕಾರುಗಳಲ್ಲಿ ಬ್ಯಾಟರಿಯ ಧನ ತುದಿಯನ್ನು ಕಾರಿನ ಮೈಗೆ ಕಟ್ಟುತ್ತಿದ್ದರು. ಈಗಿನವುಗಳಲ್ಲಿ ಕಟ್ಟುವುದು ಋಣ ತುದಿಯನ್ನು. ಮಗ ಆಸೆಪಟ್ಟು ತರಿಸಿದ ಹೊಸ ಇಗ್ನಿಷನ್ ಪೆಟ್ಟಿಗೆ ಈಗಿನ ಕ್ರಮದ್ದು. ಜೋಡಿಸಿ ಸ್ವಿಚ್ಚು ತಿರುಗಿಸಿದೆವು. ಸಣ್ಣದೊಂದು ಹೊಗೆ ಎದ್ದಿತು, ಒಂದು ವಾಸನೆ ಬಂದಿತು, ಅಷ್ಟೆ. “ಅಪ್ಪಾ, ಏಳು ಸಾವಿರ” ಎಂದ. ನಾವು ಮಾತಾಡದೆ ಊಟಕ್ಕೆ ಎದ್ದೆವು.

ಬಾಗಿಲಿನ ಕಥೆ ಇನ್ನೂ ದೊಡ್ಡದು. ಎಡಬಾಗಿಲು ಮುಚ್ಚುತ್ತಿರಲಿಲ್ಲ. ಮುಚ್ಚಿದರೆ ತೆರೆಯುತ್ತಿರಲಿಲ್ಲ. ಕೀಲು ಬದಲಿಸಿದೆವು, ಬೀಗ ಬದಲಿಸಿದೆವು, ಬಾಗಿಲಿನ ಅಂಚನ್ನೇ ತಟ್ಟಿಸಿದೆವು. ಎರಡು ತಿಂಗಳು ಬಾಗಿಲಿನ ಜೊತೆ ಹೋರಾಡಿದೆವು. ಕೊನೆಗೆ ಮುದುಕ ಮೇಸ್ತ್ರಿಯೊಬ್ಬರು ಬಂದು, ಬಾಗಿಲನ್ನು ಮುಟ್ಟದೆಯೇ, ನೆಲಕ್ಕೆ ಒರಗಿ ಕಾರಿನ ಅಡಿಯನ್ನು ನೋಡಿದರು. ಮೈಯನ್ನು ಹೊರುವ ಚಾಸಿಸಿನ ಅಡ್ಡತೋಳು ಕಡಲ ಗಾಳಿಗೆ ತುಕ್ಕು ಹಿಡಿದು ಕುಸಿದಿತ್ತು. ಮೈಗೂ ಚಾಸಿಸಿಗೂ ನಡುವೆ ಎತ್ತರ ಸರಿಮಾಡಲು ಇಡುವ ತೆಳು ತಗಡುಗಳು ಎಂದೋ ಉದುರಿಹೋಗಿದ್ದವು. ಬಿಗಿಹಿಡಿಯಲು ಮಾಡೂ ಇಲ್ಲದ್ದರಿಂದ ಇಡೀ ಮೈ ನಡುವಿನಲ್ಲಿ ಬಗ್ಗಿತ್ತು. ತೋಳು ಬದಲಿಸಿ, ತಗಡು ಇಟ್ಟು ಎತ್ತರಿಸಿದಾಗ ಬಾಗಿಲು ತಾನಾಗಿ ಕೂತಿತು. ದೋಷ ಕಂಡ ಜಾಗವೇ ದೋಷವಿರುವ ಜಾಗವಲ್ಲವೆಂಬುದನ್ನು ಎರಡು ತಿಂಗಳ ಶುಲ್ಕ ತೆತ್ತು ಕಲಿತೆವು.

ಆದರೆ ನಮ್ಮ ನಿಜವಾದ ಗರ್ವಭಂಗವಾದದ್ದು ಹಿಂದಿನ ಚಕ್ರಗಳಲ್ಲಿ. ಕಾರಿನ ಹಿಂಬದಿ ಕುಕ್ಕರಿಸಿದಂತೆ ತಗ್ಗಾಗಿತ್ತು. ಹಳೆಯ ಸ್ಪ್ರಿಂಗು ಸೋತಿದೆಯೆಂದುಕೊಂಡೆವು. ಬಿಚ್ಚಿದರೆ ಸ್ಪ್ರಿಂಗಿನ ಅಡಿಯಲ್ಲಿ ಒಂದೂವರೆ ಅಂಗುಲ ದಪ್ಪದ ಅಲ್ಯುಮಿನಿಯಮ್ ತುಂಡೊಂದು ಸಿಕ್ಕಿತು. “ಚಿಕ್ಕಪ್ಪನವರ ಒಟ್ಟುಕೆಲಸ ನೋಡು” ಎಂದು ಮಗನ ಮುಂದೆ ನಕ್ಕು, ಅದನ್ನು ಮೂಲೆಗೆಸೆದು, ಸ್ಪ್ರಿಂಗಿಗೆ ಹೊಸ ಕಮಾನು ಕೊಡಿಸಿ, ಹಿಂಬದಿಯನ್ನು ಅಂದವಾಗಿ ಎತ್ತರಿಸಿದೆವು. ಇನ್ನೂ ಮನೆಗಳೇಳದ ಒಂದು ಖಾಸಗಿ ಬಡಾವಣೆಯಲ್ಲಿ ಓಡಿಸಿ ನೋಡಿದೆವು. ವೇಗ ನಲವತ್ತೈದು ಕಿಲೋಮೀಟರು ಇದ್ದೀತು. ತಿರುವಿನಲ್ಲಿ ಹೆದರಿ ಪೆಡಲಿನಿಂದ ಕಾಲು ತೆಗೆದೆವು. ಒಡನೆ ಹಿಂಬದಿ ಮೇಲೆದ್ದು, ಚಕ್ರಗಳ ಬುಡ ಒಳಗೆ ಮಡಿಸಿದಂತಾಗಿ, ಕಾರು ಬುಗುರಿಯಂತೆ ಸುತ್ತಿ ಮಣ್ಣಿನ ಗುಡ್ಡೆಗೆ ಬೆನ್ನು ಕೊಟ್ಟು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಮಗನ ಮುಖ ಮಾತ್ರ ಬಿಳಿಚಿತ್ತು. ನಮ್ಮದನ್ನು ನಾವು ನೋಡಿಕೊಳ್ಳಲಿಲ್ಲ.

ಆ ಸಂಜೆ ಚಿಕ್ಕಮ್ಮನಿಗೆ ವಿಷಯ ಹೇಳಿದಾಗ ಅವರು ಒಳಗೆ ಹೋಗಿ ಹಾಲಿನ ಲೆಕ್ಕ, ಅಗಸರ ಲೆಕ್ಕಗಳ ನಡುವಿನಿಂದ ಒಂದು ನೋಟ್ ಪುಸ್ತಕ ತಂದರು. ಚಿಕ್ಕಪ್ಪನವರ ನಕ್ಷೆಗಾರನ ಅಕ್ಷರ. ಒಂದು ಪುಟದಲ್ಲಿ ಚಕ್ರಗಳ ಚಿತ್ರ, ಕೆಳಗೆ: “ಹಿಂಬದಿ ಒಂದೂವರೆ ಅಂಗುಲ ಇಳಿಸಿದೆ. ತಿರುವಿನಲ್ಲಿ ಈಗ ಏಳುವುದಿಲ್ಲ.” ಹೆರಾಲ್ಡಿನ ಹಿಂದಿನ ಆಕ್ಸಲಿನ ಎರಡು ತುಂಡುಗಳು ನಡುವಿನ ಕೀಲಿನಲ್ಲಿ ರೆಕ್ಕೆಯಂತೆ ಆಡುತ್ತವೆ. ಕಾರು ಮೇಲೆದ್ದಷ್ಟೂ ಚಕ್ರಗಳ ಬುಡ ಒಳಸೇರಿ ನೆಲದ ಹಿಡಿತ ತಪ್ಪುತ್ತದೆ. ಕಾರನ್ನು ತಗ್ಗಿಸಿದರೆ ಬುಡ ಹೊರಚಾಚಿ, ಗರಡಿಯ ಪೈಲವಾನ ಕಾಲಗಲಿಸಿ ನಿಂತಂತೆ ಚಕ್ರಗಳು ನಿಲ್ಲುತ್ತವೆ. ನಾವು ಒಟ್ಟುಕೆಲಸವೆಂದು ಎಸೆದ ತುಂಡು ಅವರು ಎಷ್ಟೋ ಸಂಜೆಗಳ ಲೆಕ್ಕದಿಂದ ಕಂಡುಕೊಂಡ ಉತ್ತರವಾಗಿತ್ತು. ಟಾರ್ಚು ಹಿಡಿದು ಕೊಟ್ಟಿಗೆಯ ಮೂಲೆಯೆಲ್ಲ ಹುಡುಕಿ ಅದನ್ನು ತಂದೆವು.

ಹಾಗೆಂದು ಅವರು ಮಾಡಿದ್ದೆಲ್ಲ ಸರಿಯೆಂದಲ್ಲ. ಕೆಂಪು ತಂತಿಗಳು ಬರಿಯ ಅವಸರ. ಮಾಡು ತೆಗೆದ ಮೇಲೆ ಮೈಯನ್ನು ಬಲಪಡಿಸದೆ ಬಿಟ್ಟದ್ದು ತಪ್ಪು. ಎಲ್ಲಕ್ಕಿಂತ ದೊಡ್ಡ ತಪ್ಪು, ಎಂಜಿನ್ನಿನ ಬಲ ಹೆಚ್ಚಿಸಿ ಬ್ರೇಕುಗಳನ್ನು ಇದ್ದಂತೆಯೇ ಬಿಟ್ಟದ್ದು. ಓಡುವುದಕ್ಕೆ ಮುಂಚೆ ನಿಲ್ಲುವುದನ್ನು ನೋಡಬೇಕು. ಇದು ಅವರಿಗೆ ಏಕೆ ಹೊಳೆಯಲಿಲ್ಲವೆಂದು ಪುಟ ತಿರುವುತ್ತ ಹೋದೆವು. ಹೊಳೆದಿತ್ತು. “ಬ್ರೇಕು, ಮುಂದಿನ ತಿಂಗಳು” ಎಂದು 1973ರ ಉದ್ದಕ್ಕೂ ಬರೆದಿದ್ದರು. 1974ರ ಜೂನ್ ತಿಂಗಳಲ್ಲಿ ಆ ಮಾತನ್ನು ಹೊಡೆದುಹಾಕಿ ಪಕ್ಕದಲ್ಲಿ ಎರಡೇ ಪದ ಬರೆದಿದ್ದರು: “ಹುಡುಗನ ಫೀಜು.”

ಆ ಜೂನ್ ತಿಂಗಳಲ್ಲಿ ಊರಿನಿಂದ ಟ್ರಂಕು ಹೊತ್ತು ಬಂದು, ಅವರ ಮನೆಯಲ್ಲಿ ಉಳಿದು, ಕಾಲೇಜು ಸೇರಿದ ಹುಡುಗ ಯಾರೆಂದು ಬೇರೆ ಹೇಳಬೇಕಾಗಿಲ್ಲ. ಬ್ರೇಕಿಲ್ಲದ ಕಾರನ್ನು ಪಂದ್ಯಕ್ಕೆ ಇಳಿಸುವುದು ಸರಿಯಲ್ಲವೆಂದು ಅವರು ಪಂದ್ಯವನ್ನೇ ಬಿಟ್ಟಿದ್ದರು. “ನನಗೆ ಗೊತ್ತಿತ್ತು. ನಿನಗೆ ಹೇಳಬೇಡ ಎಂದಿದ್ದರು” ಎಂದಷ್ಟೇ ಹೇಳಿ ಚಿಕ್ಕಮ್ಮ ದೀಪ ಹಚ್ಚಲು ಎದ್ದರು.

ಈಗ ಉಳಿದದ್ದು ಕಾನೂನಿನ ಮಾತು. ಕಂಪನಿ ಮಾಡಿದ ಮೂಲರೂಪದಿಂದ ವಾಹನವನ್ನು ಬದಲಿಸಬಾರದೆಂದು ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು ಹೇಳುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಐವತ್ತು ವರ್ಷ ದಾಟಿದ ಕಾರುಗಳಿಗಾಗಿ 2021ರಲ್ಲಿ ಬಂದ ನಿಯಮಗಳೂ ಚಾಸಿಸ್, ಮೈ, ಎಂಜಿನ್ ಮೂಲದಂತೆ ಇರಬೇಕೆನ್ನುತ್ತವೆ. ಆದ್ದರಿಂದ ಮಾಡು ಮರಳಿ ಬರಬೇಕು. ಎಲ್ಲಿಂದ ತರುವುದೆಂದು ನಾವು ತಲೆ ಕೆಡಿಸಿಕೊಂಡಿದ್ದಾಗ ಚಿಕ್ಕಮ್ಮ ಹಿತ್ತಿಲ ಕಡೆ ಕೈ ತೋರಿಸಿದರು. ಐವತ್ತು ವರ್ಷಗಳಿಂದ ಅದು ಸೌದೆಯ ರಾಶಿಯನ್ನು ಮಳೆಯಿಂದ ಕಾಯುತ್ತಿತ್ತು! ಕೆರೆದು, ಬಣ್ಣ ಕೊಟ್ಟು, ಬೋಲ್ಟು ಹಾಕಿದೆವು. ತೂತಿಗೆ ತೂತು ಕೂಡಿತು. ಹಿಂದಿನ ಸೀಟೂ ಒಂದೇ ಕಾರ್ಬ್ಯುರೇಟರೂ ಮರಳಿದವು. ಅವರ ಜೋಡಿ ಕಾರ್ಬ್ಯುರೇಟರು ಎಣ್ಣೆ ಸವರಿದ ಬಟ್ಟೆಯಲ್ಲಿ ನಮ್ಮ ಬೀರುವಿನಲ್ಲಿದೆ. ಬ್ರೇಕುಗಳನ್ನು ಪೂರ್ತಿ ಹೊಸದು ಮಾಡಿಸಿದ್ದೇವೆ. ಅದರ ಬಿಲ್ಲನ್ನು ಆ ನೋಟ್ ಪುಸ್ತಕದಲ್ಲಿ, ಆ ಪುಟದಲ್ಲಿಯೇ ಇಟ್ಟಿದ್ದೇವೆ. ಅಲ್ಯುಮಿನಿಯಮ್ ತುಂಡು ಮಾತ್ರ ಇದ್ದ ಜಾಗಕ್ಕೆ ಹೋಗಿದೆ. ಅರ್ಜಿಯಲ್ಲಿ ಅದನ್ನು ಮುಚ್ಚಿಡದೆ ಬರೆದಿದ್ದೇವೆ. ಅಧಿಕಾರಿಗಳು ಏನೆನ್ನುವರೋ ನೋಡಬೇಕು.

ಹಳೆಯ ಕಾರು ಕಟ್ಟಲು ಹೊರಡುವವರಿಗೆ ನಾವು ಹೇಳುವುದು ಇಷ್ಟೆ. ಬೋಲ್ಟುಗಳಿಗೆ ಬೇರೆಬೇರೆ ಡಬ್ಬಿಯಿರಲಿ, ಪ್ರತಿಯೊಂದರ ಮೇಲೂ ಚೀಟಿಯಿರಲಿ. ಬಿಚ್ಚುವ ಮುಂಚೆ ಫೋಟೋ ತೆಗೆಯಿರಿ. ಬ್ರೇಕು ಮೊದಲು, ಬಣ್ಣ ಕೊನೆಗೆ. ಹಿಂದಿನವರು ಮಾಡಿಟ್ಟದ್ದೇನಾದರೂ ವಿಚಿತ್ರವಾಗಿ ಕಂಡರೆ, ಏಕೆ ಮಾಡಿದರೆಂದು ತಿಳಿಯುವ ತನಕ ಅದನ್ನು ಎಸೆಯಬೇಡಿ. ಅದು ಅವಸರವಿರಬಹುದು, ತಪ್ಪಿರಬಹುದು, ತಿಳಿವಳಿಕೆಯಿರಬಹುದು. ಕೈಯಲ್ಲಿ ಕಾಸಿಲ್ಲದ್ದೂ ಇರಬಹುದು. ಕೊನೆಯದಾದರೆ, ಆ ಕಾಸು ಎಲ್ಲಿಗೆ ಹೋಯಿತೆಂದು ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ.

ಅಪ್ಪಣೆ ಬಂದ ದಿನ ಮುಂದಿನ ಸೀಟಿನಲ್ಲಿ ಚಿಕ್ಕಮ್ಮ ಕೂರುವುದೆಂದು ನಿಶ್ಚಯವಾಗಿದೆ. ಅವರ ಷರತ್ತು ಒಂದೇ: ಸೌದೆ ಮುಚ್ಚಲು ಹೊಸ ತಗಡು ತಂದುಕೊಡಬೇಕು.