ತಾಳೆಗರಿಗೆ ಕಣ್ಣೀರು, ಫ್ಲಾಪಿಗೆ ಕಸದಬುಟ್ಟಿ

ತಾಳೆಗರಿಗೆ ಗೆದ್ದಲು ಹಿಡಿದರೆ ನಾವು ಮರುಗುತ್ತೇವೆ, ವೇದಿಕೆ ಹತ್ತಿ ಭಾಷಣ ಮಾಡುತ್ತೇವೆ. ಬರೀ ಮೂವತ್ತು ವರ್ಷದ ಹಿಂದೆ ಕಂಪ್ಯೂಟರಿನಲ್ಲಿ ಕೂಡಿಟ್ಟ ಕನ್ನಡ ಓದಲಾಗದೆ ಸಾಯುತ್ತಿದ್ದರೆ ಮಾತ್ರ 'ಹಳೇ ಸಾಫ್ಟ್‌ವೇರ್, ಬಿಡಿ' ಎನ್ನುತ್ತೇವೆ. ಈ 'ಬಿಡಿ' ಎಂಬ ಮಾತಿನ ಮೇಲೆ ನನಗೆ ಜಗಳವಿದೆ.

ಎಕ್ಕಂಬಿಯ ನಮ್ಮ ಮನೆಯ ನಾಗಂದಿಗೆಯ ಮೇಲೊಂದು ಡಬ್ಬಿಯಿದೆ. ಅದರಲ್ಲಿ ದೊಡ್ಡಪ್ಪನ ಹನ್ನೊಂದು ಫ್ಲಾಪಿಗಳು. ಅಡಿಕೆ ತೋಟ, ಸೊಪ್ಪಿನ ಬೆಟ್ಟ, ಕೊನೆಕೊಯ್ಲು, ಮಳೆಗಾಲಕ್ಕೆ ಕೊಟ್ಟೆ ಕಟ್ಟುವ ಕೆಲಸ – ಇವುಗಳ ಸುತ್ತ ಜನ ಆಡುವ ಮಾತುಗಳನ್ನು ವರ್ಷಗಟ್ಟಲೆ ಬರೆದಿಟ್ಟು, 1990ರ ದಶಕದಲ್ಲಿ ಶಿರಸಿಯ ಡಿಟಿಪಿ ಅಂಗಡಿಯೊಂದರಲ್ಲಿ ಟೈಪ್ ಮಾಡಿಸಿದ್ದರು. ಪುಸ್ತಕ ಆಗಲಿಲ್ಲ. ಕೈಬರಹದ ನೋಟುಬುಕ್ಕುಗಳು ಗೆದ್ದಲಿಗೆ ಹೋದವು. ಉಳಿದದ್ದು ಫ್ಲಾಪಿ.

ಕಳೆದ ವರ್ಷ ಫೈಲುಗಳನ್ನು ಹೇಗೋ ಹೊರತೆಗೆದೆ. ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳ ರಾಶಿ. ಡಾಸ್‌ಬಾಕ್ಸ್ ಎಂಬ ಉಚಿತ ಎಮ್ಯುಲೇಟರ್ ಇದೆ; ಹೊಸ ಕಂಪ್ಯೂಟರಿಗೆ ಹಳೆಯ ಡಾಸ್ ಯಂತ್ರದ ವೇಷ ಕಟ್ಟುತ್ತದೆ. ಅದರಲ್ಲಿ ಆ ಕಾಲದ ಪ್ರೋಗ್ರಾಮನ್ನು ಓಡಿಸಿದೆ. ಅದು ಎದ್ದು ಕೂತಿತು. ಮರುಕ್ಷಣ, ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಡಾಂಗಲ್ ಎಲ್ಲಿ ಎಂದು ಕೇಳಿ ಮುಚ್ಚಿಕೊಂಡಿತು. ಆ ಡಾಂಗಲ್ ಅಂಗಡಿಯ ಜೊತೆಗೇ ಹೋಗಿದೆ. ಪ್ರೋಗ್ರಾಮು ಮಾರಿದವರಿಗೆ ಬರೆದೆ, ಉತ್ತರ ಬರಲಿಲ್ಲ. "ತಮಾ, ಅದು ಹೋತನ?" ಎಂದು ದೊಡ್ಡಪ್ಪ ಕೇಳುತ್ತಾರೆ. ಏನು ಹೇಳಲಿ?

'ಯುನಿಕೋಡಿಗೆ ಪರಿವರ್ತಿಸಿ, ಹಳೆಯದನ್ನು ಎಸೆಯಿರಿ' ಎನ್ನುವ ಪಂಡಿತರಿದ್ದಾರೆ. ಪರಿವರ್ತನೆ ಬೇಕು, ನಿಜ. ಹುಡುಕಲು, ಹಂಚಲು ಅದೇ ದಾರಿ. 'ನುಡಿ', 'ಬರಹ'ಗಳಿಗೆ ಪರಿವರ್ತಕಗಳೂ ಇವೆ. ತಮ್ಮದೇ ಗುಟ್ಟಿನ ಸಂಕೇತ ಇಟ್ಟುಕೊಂಡಿದ್ದ ಪ್ರೋಗ್ರಾಮುಗಳ ಗತಿಯೇನು? ಪರಿವರ್ತಕ ಇದ್ದಲ್ಲೂ ತಪ್ಪು ನುಸುಳುತ್ತದೆ. ಹಳೆಯ ಫಾಂಟುಗಳಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲಿ ಕೂರುತ್ತಿದ್ದವು: 'ಅರ್ಥ' ಎಂಬಲ್ಲಿ ಅರ್ಕಾವತ್ತು ಕೊನೆಗೆ. ಯುನಿಕೋಡಿನದು ಉಚ್ಚಾರದ ಕ್ರಮ: ರಕಾರ ಮೊದಲು, ಥಕಾರ ಆಮೇಲೆ. ಈ ಅದಲುಬದಲಿನಲ್ಲಿ, ಯಾವ ನಿಘಂಟಿನಲ್ಲೂ ಇಲ್ಲದ ತೋಟದ ಮಾತೊಂದು ಕೆಟ್ಟರೆ ಯಾರನ್ನು ಕೇಳುವುದು? ಹಳೆಯ ಪರದೆಯನ್ನೇ ಕೇಳಬೇಕು. ಗ್ರಂಥ ಅಚ್ಚಾಯಿತೆಂದು ಯಾರೂ ಓಲೆಯನ್ನು ಒಲೆಗೆ ಹಾಕುವುದಿಲ್ಲ.

ದುಡ್ಡಿನ ಲೋಕಕ್ಕೆ ಈ ವಿವೇಕ ಎಂದೋ ಬಂದಿದೆ. 1964ರ ಏಪ್ರಿಲ್ 7ರಂದು ಐಬಿಎಂ ಕಂಪನಿ ಸಿಸ್ಟಂ/360 ಮೇನ್‌ಫ್ರೇಮುಗಳನ್ನು ಘೋಷಿಸಿತು. ಅವುಗಳ ಒಳರಚನೆ ಅದರದೇ ಜನಪ್ರಿಯ 1401 ಯಂತ್ರಕ್ಕಿಂತ ಪೂರ್ತಿ ಬೇರೆ. ಆದರೆ ಸಂಬಳದ, ದಾಸ್ತಾನಿನ ಪ್ರೋಗ್ರಾಮುಗಳನ್ನೆಲ್ಲ ಮತ್ತೆ ಬರೆಸಿ ಎಂದರೆ ಗಿರಾಕಿ ಬೇರೆ ಅಂಗಡಿ ನೋಡುತ್ತಾನೆ. ಅದಕ್ಕೇ 360ರ ಕೆಲವು ಮಾದರಿಗಳ ಮೈಕ್ರೋಕೋಡಿನಲ್ಲೇ 1401ರ ಆಜ್ಞೆಗಳನ್ನು ನಡೆಸುವ ಏರ್ಪಾಡು ಮಾಡಿದರು. ಹಳೆಯ ಪ್ರೋಗ್ರಾಮಿಗೆ ಮನೆ ಬದಲಾದದ್ದೇ ತಿಳಿಯಲಿಲ್ಲ. ಸಂಬಳದ ಪಟ್ಟಿಗೆ ಸಿಕ್ಕ ಮರ್ಯಾದೆ ನಮ್ಮ ನುಡಿಗೆ ಬೇಡವೇ?

ಕಾನೂನೂ ಕಾಗದದ ಪಕ್ಷವೇ. ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಬಂದ ತಿದ್ದುಪಡಿಯು, ಡಿಜಿಟಲ್ ಅಲ್ಲದ ಪ್ರತಿ ಈಗಾಗಲೇ ತನ್ನ ಬಳಿ ಇದ್ದರೆ, ಸಂರಕ್ಷಣೆಗಾಗಿ ಕೃತಿಯನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ಇಟ್ಟುಕೊಳ್ಳಲು ಸಾರ್ವಜನಿಕ ಗ್ರಂಥಾಲಯಕ್ಕೆ ಅವಕಾಶ ಕೊಟ್ಟಿದೆ. ಹುಟ್ಟಿನಿಂದಲೇ ಫ್ಲಾಪಿಯಲ್ಲಿದ್ದುದಕ್ಕೆ ಆ ಕಲಮಿನಲ್ಲಿ ಜಾಗವಿಲ್ಲ.

ನಾನು ಕೇಳುತ್ತಿರುವುದು ಹೆಚ್ಚೇನಲ್ಲ. ಮಾರಾಟ ನಿಲ್ಲಿಸಿದ ಕನ್ನಡ ಪ್ರೋಗ್ರಾಮುಗಳನ್ನು ಬೀಗ ತೆಗೆದು, ಸಂಕೇತಪಟ್ಟಿಯ ಸಮೇತ ಸಾರ್ವಜನಿಕರಿಗೆ ಬಿಟ್ಟುಕೊಡಲಿ. ಹಸ್ತಪ್ರತಿ ಕಾಪಾಡುವ ವಿಶ್ವವಿದ್ಯಾಲಯಗಳು ಎಮ್ಯುಲೇಟರ್ ಇರುವ ಒಂದು ಕಂಪ್ಯೂಟರಿಗೂ ಹಸ್ತಪ್ರತಿ ವಿಭಾಗದಲ್ಲಿ ಜಾಗ ಕೊಡಲಿ. ಕಂಪ್ಯೂಟರ್ ಓದುವ ಹುಡುಗ ಹುಡುಗಿಯರೇ, ನಿಮ್ಮ ಊರಿನ ಮುಚ್ಚಿದ ಡಿಟಿಪಿ ಅಂಗಡಿಯ ಹಳೇ ಡಿಸ್ಕುಗಳನ್ನು ಗುಜರಿಗೆ ಹೋಗುವ ಮುನ್ನ ಕೇಳಿ ತನ್ನಿ.

ಕೊನೆಗೌಡ ಮರದ ತುದಿಯಿಂದ ಕೂಗಿ ಹೇಳುತ್ತಿದ್ದ ಮಾತುಗಳು ಆ ಹನ್ನೊಂದು ಫ್ಲಾಪಿಗಳಲ್ಲಿವೆ. ಅವು ಸತ್ತಿಲ್ಲ, ಬೀಗದ ಹಿಂದಿವೆ. ದೊಡ್ಡಪ್ಪನಿಗೆ ಎಂಬತ್ತಾರು ತುಂಬಿತು. ಅವರು ಇರುವಾಗಲೇ ಯಾರಾದರೂ ಕೀಲಿ ಕೊಡಬೇಕು.