ಚಿತ್ರಕಾರನೂ ಕರಾರುಪತ್ರವೂ

ಚಿತ್ರವನ್ನು ಕೊಳ್ಳುವ ಮಹನೀಯರಲ್ಲಿ ಕರಾರುಪತ್ರವನ್ನು ಕೇಳುವುದು ಅವಿಶ್ವಾಸದ ಕುರುಹೆಂದು ನಮ್ಮ ಚಿತ್ರಕಾರರು ಸಂಕೋಚಪಡುತ್ತಾರೆ. ಮನೆಯ ಬಾಡಿಗೆಗೆ ಪತ್ರ ಬರೆಯಿಸಿಕೊಳ್ಳುವ ಗೃಹಸ್ಥರು ಇದನ್ನು ಅವಮಾನವೆಂದು ಭಾವಿಸಲು ಕಾರಣವೇನು?

ಬಾಯಿಮಾತಿನ ಕರಾರೂ 1872ರ ಕಾಯಿದೆಯಂತೆ ಸಿಂಧುವೇ ಸರಿ. ಆದರೆ ನ್ಯಾಯಸ್ಥಾನದಲ್ಲಿ ಅದನ್ನು ರುಜುವಾತುಪಡಿಸುವ ಹೊಣೆ ಬಡ ಚಿತ್ರಕಾರನದು. ಇದಕ್ಕಿಂತಲೂ ಗಹನವಾದ ವಿಷಯವೊಂದಿದೆ. 1957ರ ಕೃತಿಸ್ವಾಮ್ಯದ ಕಾಯಿದೆಯ 17ನೆಯ ಪ್ರಕರಣದಂತೆ, ಒಬ್ಬರ ಕೋರಿಕೆಯ ಮೇರೆಗೆ ಹಣ ಪಡೆದು ಬರೆದ ಚಿತ್ರದ ಕೃತಿಸ್ವಾಮ್ಯವು, ಬೇರೆ ಕರಾರಿಲ್ಲದಿದ್ದರೆ, ಬರೆಯಿಸಿದವರಿಗೇ ಸಲ್ಲುತ್ತದೆ. ಮೊದಲೇ ಸಿದ್ಧವಾಗಿದ್ದ ಚಿತ್ರವನ್ನು ಮಾರಿದಾಗಲಾದರೋ ಪಟ ಮಾತ್ರ ಕೈಬದಲಾಗುವುದು. ರುಜು ಮಾಡಿದ ಬರಹವಿಲ್ಲದೆ ಸ್ವಾಮ್ಯವು ವರ್ಗವಾಗದು. ಎಂದರೆ, ಕೋರಿಕೆಯ ಕೆಲಸದಲ್ಲಿ ಮೌನವು ಚಿತ್ರಕಾರನಿಗೇ ಮುಳುವು. ತನ್ನ ಚಿತ್ರವನ್ನು ಕ್ಯಾಲೆಂಡರಿನ ಮೇಲೆ ಕಂಡು ಆಮೇಲೆ ಪರಿತಪಿಸಿ ಫಲವೇನು?

ಆದುದರಿಂದ ಕುಂಚವನ್ನು ಹಿಡಿಯುವ ಮೊದಲೇ ಕ್ರಯ, ಮುಂಗಡ, ಬಾಕಿಯ ವಾಯಿದೆ, ಅಚ್ಚುಹಾಕುವ ಹಕ್ಕು ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದು ಉಭಯ ಪಕ್ಷದವರೂ ರುಜು ಮಾಡತಕ್ಕದ್ದು. ಬಾಕಿ ಬಾರದಿದ್ದರೆ ಮೊದಲು ನೋಟೀಸು, ಬಳಿಕ ದಾವೆ. ದಾವೆಗೆ ಸಾಮಾನ್ಯವಾಗಿ 3 ವರ್ಷಗಳ ಅವಧಿ ಮಾತ್ರವೆಂಬುದನ್ನು ದಾಕ್ಷಿಣ್ಯಪರರು ಮರೆಯುತ್ತಾರೆ.

ದಿಲ್ಲಿಯ ವಿಜ್ಞಾನ ಭವನದಿಂದ 1979ರಲ್ಲಿ ಕಿತ್ತುಹಾಕಲ್ಪಟ್ಟ ಕಂಚಿನ ಭಿತ್ತಿಶಿಲ್ಪಕ್ಕಾಗಿ ಶಿಲ್ಪಿ ಅಮರನಾಥ ಸೆಹಗಲ್ಲರು ಸರ್ಕಾರದ ಮೇಲೆಯೇ ವ್ಯಾಜ್ಯ ಹೂಡಿದರು. ಸ್ವಾಮ್ಯ ಪರರದಾದರೂ ಕೃತಿಯ ಗೌರವವನ್ನು ಕಾಯುವ ಹಕ್ಕು ಕರ್ತೃವಿನಲ್ಲೇ ಉಳಿಯುವುದೆಂಬ 57ನೆಯ ಪ್ರಕರಣ ಅವರಿಗೆ ಆಸರೆಯಾಯಿತು. 2005ರಲ್ಲಿ ದಿಲ್ಲಿ ಹೈಕೋರ್ಟು ಅವಶೇಷಗಳನ್ನೂ 5 ಲಕ್ಷ ರೂಪಾಯಿಗಳನ್ನೂ ಕೊಡಿಸಿತು.

ಬೆಂಗಳೂರಿನಲ್ಲಿ ಚಿತ್ರಸಂತೆ ನಡೆಯಿಸುವವರು ಕನ್ನಡದಲ್ಲಿ ಅಚ್ಚಾದ ಕರಾರಿನ ನಮೂನೆಯನ್ನು ಪ್ರತಿಯೊಬ್ಬ ಚಿತ್ರಕಾರನ ಕೈಗಿತ್ತರೆ, ಕೇಳುವ ಸಂಕೋಚವೂ ಕಳೆದೀತು.