ದೊಡ್ಡದಕ್ಕೆ ಕಾಯದಿರಿ, ಹಳೆಯ ಗಾಡಿಯೂ ಸಾಕು

ಸಿಡ್ನಿಯ ಪಶ್ಚಿಮದಲ್ಲಿರುವ ಬ್ಲ್ಯಾಕ್‌ಟೌನ್‌ನ ನಮ್ಮ ಮನೆಯ ಮುಂದೆ ಒಂದು ಬಿಳಿಯ ವಾಹನ ನಿಂತಿರುತ್ತದೆ. 2006ರಲ್ಲಿ ತಯಾರಾದದ್ದು, 2 ಲಕ್ಷ 70 ಸಾವಿರ ಕಿಲೋಮೀಟರ್ ಓಡಿದೆ. ಹೊರಗಿನಿಂದ ನೋಡಿದವರಿಗೆ ಅದು ಸರಕು ಸಾಗಿಸುವ ವ್ಯಾನಿನಂತೆಯೇ ಕಾಣುತ್ತದೆ. ಬಾಗಿಲು ಸರಿಸಿದರೆ ಒಳಗೆ ಎರಡು ಉರಿಯ ಗ್ಯಾಸ್ ಒಲೆ, ಪುಟ್ಟ ಫ್ರಿಜ್, ಪಾತ್ರೆ ತೊಳೆಯುವ ತೊಟ್ಟಿ, ರಾತ್ರಿ ಹಾಸಿಗೆಯಾಗಿ ಬಿಚ್ಚಿಕೊಳ್ಳುವ ಆಸನ, ತಲೆಯ ಮೇಲೆ ಇನ್ನೊಂದು ಅಟ್ಟದ ಹಾಸಿಗೆ. ಇಲ್ಲಿಯವರು ಇದನ್ನು ಮೋಟಾರ್‌ಹೋಮ್ ಎನ್ನುತ್ತಾರೆ.

2022ರ ಆರಂಭದಲ್ಲಿ ಇದನ್ನು ಕೊಂಡು ಚಿತ್ರವನ್ನು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸಿದಾಗ ಮೈಸೂರಿನಿಂದ ಅತ್ತಿಗೆಯ ಪ್ರಶ್ನೆ ಬಂತು: "ಇಷ್ಟು ವರ್ಷ ಡಾಕ್ಟರಾಗಿ ದುಡಿದು ಸೆಕೆಂಡ್ ಹ್ಯಾಂಡ್ ವ್ಯಾನ್ ತಗೊಂಡ್ಯಾ?" ಅದರಲ್ಲಿ ಕುಹಕವಿರಲಿಲ್ಲ, ನಿಜವಾದ ಅಚ್ಚರಿಯಿತ್ತು. ಆಗ ನಗುವಿನ ಚಿಹ್ನೆಯೊಂದನ್ನು ಕಳುಹಿಸಿ ಸುಮ್ಮನಾಗಿದ್ದೆ. ಆ ಪ್ರಶ್ನೆಗೆ ಉತ್ತರವನ್ನು ಇಂದು ಬರೆಯುತ್ತಿದ್ದೇನೆ. ಹೊರದೇಶಕ್ಕೆ ಹೋದವರನ್ನು ಊರಿನಿಂದ ನೋಡುವ ಬಂಧುಗಳಿಗೂ, ನಾಳೆ ಇಲ್ಲಿಗೆ ಬರಬೇಕೆಂದಿರುವ ಕಿರಿಯರಿಗೂ ಇದರಿಂದ ಉಪಯೋಗವಾದೀತು.

ನಾನು ಮೈಸೂರಿನಲ್ಲಿ ಎಂಬಿಬಿಎಸ್ ಮತ್ತು ಎಂಡಿ ಮುಗಿಸಿ 2004ರಲ್ಲಿ ಈ ದೇಶಕ್ಕೆ ಬಂದವಳು. ಬಂದೊಡನೆ ಮತ್ತೆ ವಿದ್ಯಾರ್ಥಿನಿಯಾದೆ: ಆಸ್ಟ್ರೇಲಿಯನ್ ಮೆಡಿಕಲ್ ಕೌನ್ಸಿಲ್‌ನ ಲಿಖಿತ ಪರೀಕ್ಷೆ, ಬಳಿಕ ರೋಗಿಗಳೊಡನೆ ವ್ಯವಹರಿಸುವ ಪರೀಕ್ಷೆ. 1997ರಿಂದ ಇಲ್ಲಿರುವ ನಿಯಮದಂತೆ, ಹೊರದೇಶದಲ್ಲಿ ಓದಿದ ವೈದ್ಯರ ಚಿಕಿತ್ಸೆಗೆ ಮೆಡಿಕೇರ್‌ನಿಂದ ಹಣ ಸಲ್ಲಬೇಕಾದರೆ ಅವರು ಸಾಮಾನ್ಯವಾಗಿ ಹತ್ತು ವರ್ಷ ವೈದ್ಯರ ಕೊರತೆಯಿರುವ ಪ್ರದೇಶಗಳಲ್ಲಿ ಕೆಲಸ ಮಾಡಬೇಕು. ಹಾಗಾಗಿ ಗೋಧಿ ಬೆಳೆಯುವ ಸಣ್ಣ ಊರುಗಳಲ್ಲಿ ನಾನು ದುಡಿದೆ. ಪತಿ ಮತ್ತು ಮಗಳು ಸಿಡ್ನಿಯಲ್ಲಿದ್ದರು. ಆ ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಅತಿ ಹೆಚ್ಚು ಬಳಕೆಯಾದ ಮಾತು "ಮುಂದೆ ನೋಡೋಣ" ಎಂಬುದು. ಪರೀಕ್ಷೆ ಮುಗಿಯಲಿ, ಮನೆಯ ಸಾಲ ಇಳಿಯಲಿ, ಮಗಳ ಹನ್ನೆರಡನೆಯ ತರಗತಿ ಕಳೆಯಲಿ, ಆಮೇಲೆ ನೋಡೋಣ.

ನನ್ನ ತಂದೆ ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದವರು. ವಿಶ್ವೇಶ್ವರಯ್ಯ ನಾಲೆಯ ಉದ್ದಕ್ಕೂ ಅರ್ಧ ಆಯುಷ್ಯ ಸವೆಸಿದವರು. 2012ರಲ್ಲಿ ಅವರು ಒಮ್ಮೆ ಇಲ್ಲಿಗೆ ಬಂದರು. ಆಪೆರಾ ಹೌಸ್ ನೋಡಿದರು, ಹಾರ್ಬರ್ ಸೇತುವೆ ನೋಡಿದರು, ಉಳಿದ ಎರಡೂವರೆ ತಿಂಗಳು ನಮ್ಮ ಮನೆಯ ಟಿವಿ ನೋಡಿದರು. ಅವರಿಗೆ ನಿಜವಾಗಿ ಬೇಕಾಗಿದ್ದದ್ದು ಮರ್ರಿ ನದಿಗೆ ಕಟ್ಟಿದ ಹ್ಯೂಮ್ ಅಣೆಕಟ್ಟು. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾದರೆ ಹ್ಯೂಮ್‌ನದು 1919ರಲ್ಲಿ ಶುರುವಾಗಿ 1936ರಲ್ಲಿ ಮುಗಿಯಿತು; ಎರಡೂ ಒಂದೇ ಕಾಲದ ಕೂಸುಗಳೆಂದು ಅವರು ಹೇಳುತ್ತಿದ್ದರು. ನನಗೆ ರಜೆ ಸಿಗಲಿಲ್ಲ. ಮುಂದಿನ ಬಾರಿ ದೊಡ್ಡ ಮೋಟಾರ್‌ಹೋಮ್ ತೆಗೆದುಕೊಂಡು ಅಮ್ಮನನ್ನೂ ಕರೆದುಕೊಂಡು ಹೋಗೋಣ ಅಪ್ಪ ಎಂದೆ. ಹೊಸದರ ಬೆಲೆ ಒಂದು ಲಕ್ಷ ಡಾಲರ್‌ಗೂ ಮೀರಿತ್ತು. ಅದಕ್ಕಾಗಿ ಪ್ರತ್ಯೇಕ ಉಳಿತಾಯವನ್ನೂ ಆರಂಭಿಸಿದೆವು.

2020ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದ ಗಡಿಗಳು ಮುಚ್ಚಿದವು. ಜುಲೈನಲ್ಲಿ ನ್ಯೂ ಸೌತ್ ವೇಲ್ಸ್ ಮತ್ತು ವಿಕ್ಟೋರಿಯಾ ರಾಜ್ಯಗಳ ನಡುವಿನ ಗಡಿಯೂ ಮುಚ್ಚಿತು; ಮೆಲ್ಬರ್ನ್‌ನಲ್ಲಿ ಓದುತ್ತಿದ್ದ ಮಗಳು ಆ ಕಡೆ ಉಳಿದಳು. 2021ರ ಮೇ ತಿಂಗಳ ಮೊದಲ ಎರಡು ವಾರ ಭಾರತದಿಂದ ಹಿಂದಿರುಗುವ ಪ್ರಜೆಗಳಿಗೂ ಪ್ರವೇಶವಿರಲಿಲ್ಲ. ಆ ಎರಡು ವಾರಗಳಲ್ಲೇ ಅಪ್ಪ ತೀರಿಕೊಂಡರು. ಇಲ್ಲಿ ನನ್ನ ವಾರ್ಡಿನ ತುಂಬ ರೋಗಿಗಳು. ಅಂತ್ಯಸಂಸ್ಕಾರವನ್ನು ಆಸ್ಪತ್ರೆಯ ವಿಶ್ರಾಂತಿ ಕೋಣೆಯಲ್ಲಿ ಕುಳಿತು ಫೋನಿನ ಪರದೆಯಲ್ಲಿ ನೋಡಿದೆ. ಆ ನಿಯಮದ ಕಾರಣ ವೈದ್ಯೆಯಾಗಿ ನನಗೆ ಅರ್ಥವಾಗುತ್ತಿತ್ತು. ಆದರೆ 2012ರಿಂದ 2020ರವರೆಗಿನ ಎಂಟು ವರ್ಷಗಳಲ್ಲಿ ಯಾವ ಗಡಿಯೂ ಮುಚ್ಚಿರಲಿಲ್ಲ. ಆ ಎಂಟು ವರ್ಷಗಳ ಲೆಕ್ಕ ನನ್ನದೇ.

ಮರುವರ್ಷ ಉಳಿತಾಯದ ಹಣವನ್ನು ಎಣಿಸಿದೆವು. ಹೊಸ ವಾಹನಕ್ಕೆ ಇನ್ನೂ ಆರು ವರ್ಷ ಬೇಕಿತ್ತು. ಈ ಹಳೆಯದಕ್ಕೆ 34 ಸಾವಿರ ಡಾಲರ್ ಸಾಕಾಗಿತ್ತು. ಅಮ್ಮನಿಗೆ ಆಗ ಎಪ್ಪತ್ತೇಳು. ನಿರ್ಧಾರ ಕಷ್ಟವಾಗಲಿಲ್ಲ. ಅತ್ತಿಗೆಯ ಪ್ರಶ್ನೆಗೆ ಉತ್ತರ ಇಷ್ಟೇ: ನಾವು ಆರು ವರ್ಷಗಳನ್ನು ಕೊಂಡುಕೊಂಡೆವು.

ಹಾಗೆಂದು ಹಳೆಯದೆಲ್ಲ ಒಳ್ಳೆಯದು ಎಂದು ನಾನು ಹೇಳಲಾರೆ. ಹಳೆಯ ಗಾಡಿಯನ್ನು ಕೊಳ್ಳುವವರು ವಯಸ್ಸಾದ ರೋಗಿಯನ್ನು ಪರೀಕ್ಷಿಸುವಂತೆ ಅದನ್ನು ಪರೀಕ್ಷಿಸಬೇಕು. ಮೊದಲು ಪೂರ್ವವೃತ್ತಾಂತ: ಸರ್ವೀಸ್ ಮಾಡಿಸಿದ ಪುಸ್ತಕ ಇದೆಯೇ, ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನಾದರೆ ಅದನ್ನು ಯಾವಾಗ ಬದಲಿಸಿದ್ದಾರೆ? ಆಮೇಲೆ ಸೋರಿಕೆ. ಮೋಟಾರ್‌ಹೋಮಿನ ಪರಮಶತ್ರು ನೀರು. ಇಲ್ಲಿಯ ಬಿಸಿಲಿಗೆ ಕಿಟಕಿ ಮತ್ತು ಚಾವಣಿಯ ಸುತ್ತಲಿನ ರಬ್ಬರ್ ಒಣಗಿ ಬಿರಿಯುತ್ತದೆ. ಮಳೆನೀರು ಸದ್ದಿಲ್ಲದೆ ಗೋಡೆಯೊಳಗಿನ ಮರದ ಚೌಕಟ್ಟಿಗೆ ಇಳಿಯುತ್ತದೆ. ಮೂಲೆಗಳನ್ನು ಅಂಗೈಯಿಂದ ಒತ್ತಿ ನೋಡಬೇಕು. ಮೆತ್ತಗಿದ್ದರೆ, ಮುಗ್ಗಲು ವಾಸನೆ ಬಂದರೆ, ಬೆಲೆ ಎಷ್ಟು ಕಡಿಮೆಯಿದ್ದರೂ ಹಿಂದಿರುಗಬೇಕು. ಕಡಲತೀರದಲ್ಲಿ ನಿಂತ ವಾಹನವಾದರೆ ಕೆಳಗೆ ತೂರಿ ತುಕ್ಕನ್ನು ಹುಡುಕಬೇಕು. ಟೈರಿನ ಗೆರೆಗಳು ಸವೆಯದೆ ಇದ್ದರೂ ಅದಕ್ಕೆ ವಯಸ್ಸಾಗಿರಬಹುದು. ಅದರ ಬದಿಯಲ್ಲಿ ಒತ್ತಿರುವ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. ಗ್ಯಾಸ್ ಸಿಲಿಂಡರನ್ನು ಇಲ್ಲಿ ಹತ್ತು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು. ಆ ದಿನಾಂಕವೂ ಅದರ ಮೇಲೆ ಮುದ್ರೆಯಾಗಿರುತ್ತದೆ. ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಆದ್ದರಿಂದ ಅದನ್ನು ಪತ್ತೆಹಚ್ಚುವ ಅಲಾರಂ ಇಲ್ಲದೆ ಒಂದು ರಾತ್ರಿಯನ್ನೂ ಒಳಗೆ ಕಳೆಯಬಾರದು. ಚಳಿಯೆಂದು ಅಡುಗೆಯ ಒಲೆ ಹಚ್ಚಿಟ್ಟು ಮಲಗಲೇಬಾರದು.

ಊರಿನವರು ಕೇಳುವ ಇನ್ನೊಂದು ಪ್ರಶ್ನೆ: ಹಿಂದೆ ಹಾಸಿಗೆ ಇದೆಯಲ್ಲ, ಮಲಗಿಕೊಂಡೇ ಪ್ರಯಾಣ ಮಾಡಬಹುದಲ್ಲವೇ? ಮಾಡುವಂತಿಲ್ಲ. ವಾಹನ ಓಡುವಾಗ ಎಲ್ಲರೂ ಬೆಲ್ಟ್ ಕಟ್ಟಿಕೊಂಡು ಆಸನದಲ್ಲೇ ಕೂರಬೇಕು. ಚಿಕ್ಕ ಮೋಟಾರ್‌ಹೋಮುಗಳಲ್ಲಿ ಬಹಳಷ್ಟಕ್ಕೆ ಎರಡೇ ಬೆಲ್ಟಿನ ಆಸನಗಳಿರುತ್ತವೆ. ನಾಲ್ಕು ಆಸನದ್ದನ್ನು ಹುಡುಕಲು ನಮಗೆ ಐದು ತಿಂಗಳು ಹಿಡಿಯಿತು. ವಾಹನದ ತೂಕ, ಅದು ಹೊರಲು ಅನುಮತಿಯಿರುವ ಭಾರ ಎಲ್ಲ ಸೇರಿ 4.5 ಟನ್‌ವರೆಗೆ ಸಾಮಾನ್ಯ ಕಾರಿನ ಲೈಸೆನ್ಸ್ ಸಾಕು. ಆದರೆ ಅನುಮತಿಯ ಮಿತಿಯನ್ನು ದಾಟುವುದು ಸುಲಭ: ನೂರು ಲೀಟರ್ ನೀರು ತುಂಬಿಸಿದರೆ ನೂರು ಕಿಲೋ ಆಯಿತು. ಅಮ್ಮ ಕಟ್ಟಿದ ಅಕ್ಕಿ, ಬೇಳೆ, ಒರಳುಕಲ್ಲಿನ ಲೆಕ್ಕ ಬೇರೆ. ಒರಳುಕಲ್ಲನ್ನು ಮನೆಯಲ್ಲೇ ಬಿಡಿಸಲು ಒಂದು ಸಂಜೆಯ ಸಂಧಾನ ಬೇಕಾಯಿತು.

ರಾಜ್ಯಕ್ಕೊಂದು ನಿಯಮವೂ ಉಂಟು. ನ್ಯೂ ಸೌತ್ ವೇಲ್ಸ್‌ನಲ್ಲಿ ಐದು ವರ್ಷ ದಾಟಿದ ವಾಹನವನ್ನು ಪ್ರತಿವರ್ಷ ತಪಾಸಣೆ ಮಾಡಿಸಿ 'ಪಿಂಕ್ ಸ್ಲಿಪ್' ಪಡೆಯಬೇಕು; ಅಪಘಾತದಲ್ಲಿ ಗಾಯಗೊಂಡವರಿಗಾಗಿ ಇರುವ ಕಡ್ಡಾಯ ವಿಮೆ 'ಗ್ರೀನ್ ಸ್ಲಿಪ್' ಬೇರೆ. ವಿಕ್ಟೋರಿಯಾದಲ್ಲಿ ವರ್ಷವರ್ಷದ ತಪಾಸಣೆ ಇಲ್ಲ. ಮಾರುವಾಗ ವಾಹನ ರಸ್ತೆಗೆ ಯೋಗ್ಯ ಎಂಬ ಪ್ರಮಾಣಪತ್ರ ಬೇಕು. ಮೆಲ್ಬರ್ನ್‌ನಲ್ಲಿ ಅಗ್ಗವಾಗಿ ಸಿಕ್ಕಿತೆಂದು ಸಿಡ್ನಿಗೆ ತರುವವರು ಈ ವ್ಯತ್ಯಾಸವನ್ನು ಮೊದಲೇ ತಿಳಿದಿರಬೇಕು.

ನಮಗೆ ತಗಲಿದ ಪೆಟ್ಟನ್ನೂ ಹೇಳಬೇಕು. ಅಮ್ಮ 2023ರ ಅಕ್ಟೋಬರ್‌ನಲ್ಲಿ ಬಂದರು. ಅವರಿಗೆ ಸಕ್ಕರೆ ಕಾಯಿಲೆ. ದಿನವೂ ಇನ್ಸುಲಿನ್ ಬೇಕು. ಡಿಸೆಂಬರ್‌ನಲ್ಲಿ ರಿವರಿನಾ ಬಯಲಿನಲ್ಲಿ ಉಷ್ಣತೆ 41 ಡಿಗ್ರಿಗೆ ಏರಿದ ಒಂದು ಮಧ್ಯಾಹ್ನ ಫ್ರಿಜ್ಜಿನೊಳಗೆ ಇಟ್ಟ ಥರ್ಮಾಮೀಟರ್ 17 ತೋರಿಸಿತು. ಗ್ಯಾಸಿನಿಂದಲೂ ನಡೆಯುವ ಹಳೆಯ ಮಾದರಿಯ ಫ್ರಿಜ್ ಸಮತಟ್ಟಾದ ನೆಲದಲ್ಲಿ ನಿಂತಾಗ ಮಾತ್ರ ಸರಿಯಾಗಿ ಕೆಲಸ ಮಾಡುತ್ತದೆ. ಬಿಸಿಲು ವಿಪರೀತವಾದರೆ ಆಗಲೂ ಸೋಲುತ್ತದೆ. ಬಳಸುತ್ತಿರುವ ಇನ್ಸುಲಿನ್ ಪೆನ್ 30 ಡಿಗ್ರಿಯ ಒಳಗೆ ಸುಮಾರು ನಾಲ್ಕು ವಾರ ಹೊರಗಿರಬಹುದು, ಆದರೆ ಇನ್ನೂ ತೆರೆಯದ ಪೆನ್ನುಗಳಿಗೆ 2ರಿಂದ 8 ಡಿಗ್ರಿಯ ತಂಪು ಬೇಕು. ಆ ದಿನ ಅವೆರಡೂ ನಂಬಿಕೆಗೆ ಉಳಿಯಲಿಲ್ಲ. ಮಗಳು ವೈದ್ಯೆಯಾದರೂ ಮನೆಯವರಿಗೆ ಔಷಧ ಬರೆದುಕೊಡುವುದು ಇಲ್ಲಿ ವೃತ್ತಿಧರ್ಮಕ್ಕೆ ಒಪ್ಪುವುದಿಲ್ಲ. ಹತ್ತಿರದ ಊರಿನ ವೈದ್ಯರನ್ನು ಕಂಡು, ಚೀಟಿ ಬರೆಸಿ, ಪೂರ್ಣ ಬೆಲೆ ತೆತ್ತು ಹೊಸ ಪೆನ್ನುಗಳನ್ನು ತಂದೆವು. ಪ್ರವಾಸಿಗಳಾಗಿ ಬರುವ ಭಾರತೀಯ ತಂದೆತಾಯಿಗಳಿಗೆ ಮೆಡಿಕೇರ್ ಅನ್ವಯಿಸುವುದಿಲ್ಲ. ಪ್ರಯಾಣದ ವಿಮೆ ಮಾಡಿಸದೆ ಅವರನ್ನು ಕರೆಸಿಕೊಳ್ಳುವವರು ದೊಡ್ಡ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುತ್ತಾರೆ. ಸಿಡ್ನಿಗೆ ಮರಳಿದ ವಾರವೇ ಕಂಪ್ರೆಸರ್ ಇರುವ ಫ್ರಿಜ್ ಮತ್ತು ಲಿಥಿಯಂ ಬ್ಯಾಟರಿ ಹಾಕಿಸಿದೆವು. 34 ಸಾವಿರದ ಗಾಡಿಗೆ ಮೂರು ವರ್ಷಗಳಲ್ಲಿ ಮತ್ತೆ 9 ಸಾವಿರ ಖರ್ಚಾಗಿದೆ. ಕೊಳ್ಳುವ ಬೆಲೆಯ ಕಾಲುಭಾಗವನ್ನಾದರೂ ದುರಸ್ತಿಗೆಂದು ಎತ್ತಿಡಲಾಗದವರು ಹಳೆಯ ಗಾಡಿಯ ಆಸೆ ಬಿಡುವುದು ಲೇಸು.

ಓಡಿಸುವುದೂ ಕಾರಿನಂತಲ್ಲ. ಅಡ್ಡಗಾಳಿಗೆ ಎತ್ತರದ ಮೈ ಓಲಾಡುತ್ತದೆ. ಪಕ್ಕದಲ್ಲಿ ಭಾರಿ ಲಾರಿ ಹಾದುಹೋದರೆ ಸ್ಟೀರಿಂಗನ್ನು ಗಟ್ಟಿಯಾಗಿ ಹಿಡಿಯಬೇಕು. ಬ್ರೇಕ್ ಹಾಕಿದರೆ ನಿಲ್ಲಲು ಹೆಚ್ಚು ದೂರ ಬೇಕು. ಗಾಡಿಯ ಎತ್ತರವನ್ನು ಮರೆತು ಅಂಗಡಿ ಸಂಕೀರ್ಣವೊಂದರ ನೆಲಮಾಳಿಗೆಗೆ ಇಳಿಯಹೋದ ನನ್ನ ಪತಿ ಚಾವಣಿಯ ಗಾಳಿಕಿಂಡಿಯನ್ನು ಕಳೆದುಕೊಂಡರು. ಈಗ ಸ್ಟೀರಿಂಗಿನ ಎದುರು '2.7 ಮೀಟರ್' ಎಂಬ ಚೀಟಿ ಅಂಟಿಸಿದ್ದೇವೆ. ಮುಸ್ಸಂಜೆಯಲ್ಲಿ ಕಾಂಗರೂಗಳು ರಸ್ತೆಗೆ ಹಾರುವುದರಿಂದ ಸೂರ್ಯ ಇಳಿಯುವ ಮುನ್ನವೇ ತಂಗುತ್ತೇವೆ. ಸಿಡ್ನಿಯಿಂದ ಮೆಲ್ಬರ್ನ್‌ಗೆ ಹ್ಯೂಮ್ ಹೆದ್ದಾರಿಯಲ್ಲಿ ಸುಮಾರು 880 ಕಿಲೋಮೀಟರ್. ಒಂದೇ ಹಗಲಿನಲ್ಲಿ ಮುಟ್ಟಿದೆವೆಂದು ಹೆಮ್ಮೆಪಡುವ ಗೆಳೆಯರಿದ್ದಾರೆ. ನಿದ್ದೆಗಣ್ಣಿನ ಚಾಲಕರನ್ನು ತುರ್ತು ವಿಭಾಗದಲ್ಲಿ ಕಂಡಿರುವ ನಾನು ಎರಡು ದಿನ ತೆಗೆದುಕೊಳ್ಳುತ್ತೇನೆ. ಎರಡು ಗಂಟೆಗೊಮ್ಮೆ ನಿಲ್ಲಿಸುತ್ತೇನೆ. ರಾತ್ರಿ ಎಲ್ಲೆಂದರಲ್ಲಿ ಮಲಗುವಂತೆಯೂ ಇಲ್ಲ, ಪಾಲಿಕೆಗೊಂದು ನಿಯಮವಿರುತ್ತದೆ.

ಇಷ್ಟೆಲ್ಲ ತಾಪತ್ರಯ ಏಕೆ, ವರ್ಷಕ್ಕೆ ಎರಡು ವಾರ ಬಾಡಿಗೆಗೆ ತಂದರಾಗದೆ ಎಂದು ಕೇಳುವವರ ಮಾತಿನಲ್ಲಿ ಹುರುಳಿದೆ. ರಜೆ ಅಷ್ಟೇ ಸಿಗುವವರಿಗೆ ಬಾಡಿಗೆಯೇ ಮೇಲು. ಹೊಸದಾಗಿ ಬಂದವರಂತೂ ಮೊದಲ ವರ್ಷಗಳಲ್ಲಿ ಇದರ ಗೋಜಿಗೆ ಹೋಗಬಾರದು. ಪರೀಕ್ಷೆ, ಕೆಲಸ, ವೀಸಾ ಮೊದಲು. ನನ್ನ ಮಾತು ಗಾಡಿಯೊಂದರ ಬಗೆಗಷ್ಟೇ ಇರುವುದೂ ಅಲ್ಲ. ಬ್ಲ್ಯಾಕ್‌ಟೌನ್‌ನ ನಮ್ಮ ಬೀದಿಗಳಲ್ಲಿ ಐದು ಕೋಣೆಗಳ ಮನೆ ಕಟ್ಟಿಸಿ, ಅದರ ಸಾಲಕ್ಕಾಗಿ ವಾರಾಂತ್ಯವೂ ದುಡಿದು, ಆ ಮನೆಯಲ್ಲಿ ಹಗಲಿನ ಬೆಳಕನ್ನೇ ಕಾಣದವರನ್ನು ನಾನು ಬಲ್ಲೆ. ಬಹುಕಾಲ ನಾನೂ ಅವರಲ್ಲೊಬ್ಬಳಾಗಿದ್ದೆ. ಊರಿನವರು ಮೆಚ್ಚುವಂಥದ್ದು ಕೈಗೆ ಬಂದ ಮೇಲೆಯೇ ಬದುಕನ್ನು ಆರಂಭಿಸೋಣ ಎಂಬುದು ವಲಸೆ ಬಂದವರ ರೋಗ. ಬಂಧುಗಳಲ್ಲಿ ನನ್ನ ವಿನಂತಿ: ಎಷ್ಟು ದೊಡ್ಡ ಮನೆ, ಯಾವ ಕಾರು ಎಂದು ಕೇಳುವಾಗ, ಕಳೆದ ತಿಂಗಳು ಎಷ್ಟು ಭಾನುವಾರ ಮನೆಯಲ್ಲಿದ್ದೆ ಎಂದೂ ಕೇಳಿ.

ಅಮ್ಮ ಮೊದಲ ಬಾರಿ ಗಾಡಿಯೊಳಗೆ ಕುಳಿತಾಗ ಸುತ್ತ ನೋಡಿ, "ಇದು ನಮ್ಮ ಕಮಾನುಗಾಡಿ ಥರಾನೇ ಇದೆಯಲ್ಲೇ" ಎಂದರು. ಅವರ ಬಾಲ್ಯದಲ್ಲಿ ನಂಜನಗೂಡಿನ ದೊಡ್ಡ ಜಾತ್ರೆಗೆ ಮನೆಮಂದಿಯೆಲ್ಲ ಕಮಾನುಗಾಡಿಯಲ್ಲಿ ಹುಲ್ಲು ಹಾಸಿಕೊಂಡು, ಬುತ್ತಿ ಕಟ್ಟಿಕೊಂಡು, ರಾತ್ರಿ ಗಾಡಿಯ ಕೆಳಗೇ ಮಲಗಿ ಹೋಗುತ್ತಿದ್ದರಂತೆ. ಗಂಡಗೈ ಊರಿನಲ್ಲಿ ಮರುಂಬಿಜಿ ನದಿಯ ದಡದಲ್ಲಿ ತಂಗಿದ ಬೆಳಿಗ್ಗೆ ಅವರು ಗಾಡಿಯ ಮೆಟ್ಟಿಲ ಮುಂದೆ ಅಕ್ಕಿಹಿಟ್ಟಿನಲ್ಲಿ ಎರಡೆಳೆ ರಂಗೋಲಿ ಬಿಟ್ಟು ಒಳಗೆ ಬಂದು ಗೊಜ್ಜವಲಕ್ಕಿ ಕಲಸಿದರು.

ಮಧ್ಯಾಹ್ನ ಆಲ್ಬರಿ ದಾಟಿ ಹ್ಯೂಮ್ ಅಣೆಕಟ್ಟು ತಲುಪಿದೆವು. ಮಿಟ್ಟಾ ಮಿಟ್ಟಾ ನದಿ ಮರ್ರಿಯನ್ನು ಕೂಡುವ ಸಂಗಮದ ಕೆಳಗೆ ಕಟ್ಟಿರುವ ಕಟ್ಟೆ ಅದು. ಎಷ್ಟು ನೀರು ಹಿಡಿಯುತ್ತದೆ ಎಂದು ಅಮ್ಮ ಕೇಳಿದರು. ಸುಮಾರು 106 ಟಿಎಂಸಿ, ಕನ್ನಂಬಾಡಿಯ ಎರಡರಷ್ಟಕ್ಕೂ ಹೆಚ್ಚು ಎಂದೆ. "ನಿಮ್ಮಪ್ಪ ಇದ್ದಿದ್ರೆ ನಂಬ್ತಿರ್ಲಿಲ್ಲ, ಲೆಕ್ಕ ತೋರಿಸು ಅಂತಿದ್ರು" ಎಂದು ಹೇಳಿ ಕಟ್ಟೆಯ ಗೇಟುಗಳನ್ನು ಒಂದೊಂದಾಗಿ ಬೆರಳು ಮಡಿಸಿ ಎಣಿಸತೊಡಗಿದರು. ನಡುವೆ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಎಣಿಸಿದರು. ನಾವು ಯಾರೂ ಅವಸರ ಮಾಡಲಿಲ್ಲ.

ಅಮ್ಮನ ಮಂಡಿನೋವು ಈಗ ಹೆಚ್ಚಾಗಿದೆ. ಗಾಡಿಯ ಮೆಟ್ಟಿಲು ನೆಲದಿಂದ ಎತ್ತರವೆಂದು ನನ್ನ ಪತಿ ಒಂದು ಅಗಲವಾದ ಮರದ ಮಣೆ ಮಾಡಿ, ಕೈ ಹಿಡಿಯಲು ಕಂಬಿ ಹಾಕಿದ್ದಾರೆ. ಈ ಅಕ್ಟೋಬರ್‌ನಲ್ಲಿ ಅವರು ಮತ್ತೆ ಬರುವವರಿದ್ದಾರೆ. ಈ ಬಾರಿ ಅತ್ತಿಗೆಯೂ ಜೊತೆಗೆ ಬರುತ್ತಾರಂತೆ; ನಾಲ್ಕನೆಯ ಬೆಲ್ಟಿನ ಆಸನ ಅವರಿಗಾಗಿ ಖಾಲಿ ಇದೆ.